ಎರಡು ನಿಮಿಷದ ಭೇಟಿ, ಎರಡು ತಾಸಿನ ಪಾಳಿ

ಸಕ್ಕರೆ ಕಾಯಿಲೆ ಇರುವವರೊಬ್ಬರು ತಿಂಗಳಿಗೊಮ್ಮೆ ತಪ್ಪದೆ ವೈದ್ಯರ ಹತ್ತಿರ ಹೋಗುತ್ತಾರೆ, ಹೋದಾಗಲೆಲ್ಲ ಎರಡು ನಿಮಿಷ ಸಿಗುತ್ತದೆ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 24 ನಿಮಿಷವಾಯಿತು. ಉಳಿದ ಹೊತ್ತೆಲ್ಲ ರೊಟ್ಟಿ ಎಷ್ಟು ತಿನ್ನಬೇಕು, ಬೀಗರ ಮನೆಯ ಚಹಾ ಬೇಡವೆನ್ನುವುದು ಹೇಗೆ, ನಿನ್ನೆ ಮರೆತ ಗುಳಿಗೆಯನ್ನು ಇವತ್ತು ಸೇರಿಸಿ ನುಂಗಬೇಕೋ ಬೇಡವೋ, ಕಾಲಿನ ಗಾಯಕ್ಕೆ ಅರಿಶಿನ ಸಾಕೋ ದವಾಖಾನೆಗೆ ಹೋಗಬೇಕೋ ಎಂದು ತೀರ್ಮಾನಿಸುವವರು ಅವರೇ. ಅಪೆಂಡಿಕ್ಸ್ ಆಪರೇಷನ್ನಿನಲ್ಲಿ ರೋಗಿ ಮಲಗಿದರೆ ಸಾಕು, ಮಿಕ್ಕಿದ್ದನ್ನು ವೈದ್ಯರು ನೋಡಿಕೊಳ್ಳುತ್ತಾರೆ. ಸಕ್ಕರೆ ಕಾಯಿಲೆಯಲ್ಲಿ ದಿನದಿನದ ಚಿಕಿತ್ಸೆ ಮಾಡಿಕೊಳ್ಳುವವರು ಸ್ವತಃ ರೋಗಿಗಳೇ. ಹಾಗಿದ್ದ ಮೇಲೆ ಆ 24 ನಿಮಿಷಗಳಲ್ಲಿ ಅವರು ಏನು ಹೇಳುತ್ತಾರೆ, ಏನು ಕೇಳುತ್ತಾರೆ, ಏನು ಮುಚ್ಚಿಡುತ್ತಾರೆ ಎನ್ನುವುದು ಬರೆದುಕೊಟ್ಟ ಔಷಧದಷ್ಟೇ ಮುಖ್ಯ. ಈ ಬಗ್ಗೆ ಜಗತ್ತಿನಲ್ಲಿ ಅಧ್ಯಯನಗಳು ಬೇಕಾದಷ್ಟು ನಡೆದಿವೆ. ಅವನ್ನು ಸುಳ್ಳದಂಥ ಊರಿನ ಕಟ್ಟೆಯ ಮೇಲೆ ಕೂತು ಓದಿದರೆ ಕೆಲವು ತೀರ್ಮಾನಗಳು ಗಟ್ಟಿಯಾಗಿ ಕಾಣುತ್ತವೆ, ಕೆಲವು ಜೊಳ್ಳು.

ಹುಬ್ಬಳ್ಳಿ ತಾಲೂಕಿನ ಸುಳ್ಳ ಎರೆ ಹೊಲದ ಊರು. ಮುಂಗಾರಿಗೆ ಹೆಸರು, ಮೆಣಸಿನಕಾಯಿ, ಹತ್ತಿ. ಹಿಂಗಾರಿಗೆ ಕಡಲೆ, ಜೋಳ. ಬ್ಯಾಹಟ್ಟಿ, ಕುಸುಗಲ್ಲುಗಳ ಈ ಸೀಮೆಯಲ್ಲಿ ಶುಗರ್ ಈಗ ಸಾವುಕಾರರ ಜಡ್ಡಾಗಿ ಉಳಿದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನ 2023ರಲ್ಲಿ ಪ್ರಕಟವಾದಾಗ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ ಎಂದು ಅಂದಾಜು ಮಾಡಿತು. ಇಷ್ಟು ಜನರನ್ನು ತಜ್ಞರೇ ನೋಡುವುದು ಆಗದ ಮಾತು. ಹೀಗಾಗಿ ಹಳ್ಳಿಯವರಿಗೆ ದಾರಿಗಳು ಹಲವು: ಆಶಾ ಕಾರ್ಯಕರ್ತೆ, ಸಮುದಾಯ ಆರೋಗ್ಯ ಅಧಿಕಾರಿ ಇರುವ ಆಯುಷ್ಮಾನ್ ಆರೋಗ್ಯ ಮಂದಿರ, ಪ್ರಾಥಮಿಕ ಆರೋಗ್ಯ ಕೇಂದ್ರ, ಹುಬ್ಬಳ್ಳಿಯ ಖಾಸಗಿ ದವಾಖಾನೆಗಳು. ಕಾಲು ಕೊಳೆತಾಗಲೋ ಕಿಡ್ನಿ ಕೈಕೊಟ್ಟಾಗಲೋ ಕಡೆಗೆ 1957ರಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜಾಗಿ ಶುರುವಾದ, ಮುಂದೆ ಕಿಮ್ಸ್ ಆದರೂ ಹಳಬರ ಬಾಯಲ್ಲಿ ಇನ್ನೂ ಕೆಎಂಸಿಯೇ ಆಗಿರುವ ದೊಡ್ಡಾಸ್ಪತ್ರೆ. ಇಷ್ಟು ಕಡೆ ಸುತ್ತಿದರೂ ಒಂದೇ ಕಡೆ ಕೂತು ಪೂರ್ತಿ ಕಥೆ ಹೇಳಲು ಜಾಗ ಸಿಕ್ಕಿರುವುದಿಲ್ಲ.

ಪರೀಕ್ಷೆಯ ದಿನವೆಂದರೆ ಒಂದು ದಿನದ ಪಗಾರ ಹೋಯಿತೆಂದೇ ಲೆಕ್ಕ. ಖಾಲಿ ಹೊಟ್ಟೆಯಲ್ಲಿ ಮುಂಜಾನೆಯ ಬಸ್ಸು ಹಿಡಿಯಬೇಕು, ರಕ್ತ ಕೊಡಬೇಕು, ಕಟ್ಟಿಕೊಂಡು ಬಂದ ರೊಟ್ಟಿ ತಿಂದು ಎರಡು ತಾಸು ಕಾಯಬೇಕು, ಮತ್ತೆ ರಕ್ತ ಕೊಟ್ಟು ರಿಪೋರ್ಟಿಗೆ ಕೂರಬೇಕು. ಆಮೇಲೆ ವೈದ್ಯರ ಪಾಳಿ. ಇಷ್ಟೆಲ್ಲ ಆಗಿ ಒಳಗೆ ಹೋದ ಮೇಲೆ ನಡೆಯುವ ಮಾತು ಸಾಮಾನ್ಯವಾಗಿ ಹೀಗಿರುತ್ತದೆ:

"ಹೆಂಗದೀರಿ ಯಜಮಾನ್ರ?"

"ಆರಾಮ ಅದೀನ್ರಿ."

"ಸಕ್ಕರಿ ಜಾಸ್ತಿ ಆಗೇತಲ್ಲ. ಸಿಹಿ ತಿಂತೀರೇನು?"

"ಇಲ್ರೀ ಸಾಹೇಬ್ರ, ಬಿಟ್ಟೇನ್ರಿ."

"ಗುಳಿಗಿ ತಪ್ಪಸಬ್ಯಾಡ್ರಿ. ಒಂದು ಹೆಚ್ಚಿಗಿ ಬರದೇನಿ. ಮುಂದಿನ ತಿಂಗಳ ಬರ್ರಿ."

ಇಲ್ಲಿ ಯಾರೂ ಕೆಟ್ಟವರಲ್ಲ. ಹೊರಗೆ ಅರವತ್ತು ಜನ ಇದ್ದಾರೆಂದು ವೈದ್ಯರಿಗೆ ಗೊತ್ತು, ಯಜಮಾನರಿಗೂ ಗೊತ್ತು. 'ಆರಾಮ' ಎನ್ನುವುದು ಈ ಭಾಗದಲ್ಲಿ ಮರ್ಯಾದೆಯ ಉತ್ತರ. ಯಾರಾದರೂ ಹೆಂಗದೀರಿ ಅಂದರೆ ಅಂಗಾಲು ಉರಿಯುತ್ತದೆ ಎಂದು ಶುರುಮಾಡುವುದು ರೂಢಿಯಲ್ಲ. ಸಿಹಿ ಬಿಟ್ಟಿದ್ದೂ ನಿಜವಿರಬಹುದು. ಆದರೆ ಊಟಕ್ಕೆ ಅನ್ನ ಜಾಸ್ತಿಯಾಗಿದೆ, ದಿನಕ್ಕೆ ಆರು ಚಹಾ ಇದೆ, ಅದನ್ನು ಯಾರೂ ಸಿಹಿ ಎಂದು ಎಣಿಸುವುದಿಲ್ಲ. ಪ್ರಶ್ನೆಗೆ ತಕ್ಕ ಉತ್ತರ ಬಂತು, ಉತ್ತರಕ್ಕೆ ತಕ್ಕ ಗುಳಿಗೆ ಹೋಯಿತು.

ಸಮಯದ ಲೆಕ್ಕವನ್ನು ಜಗತ್ತಿನ ಮಟ್ಟದಲ್ಲಿ ಹಾಕಿದವರಿದ್ದಾರೆ. 67 ದೇಶಗಳ ಮಾಹಿತಿ ಒಟ್ಟುಮಾಡಿ 2017ರಲ್ಲಿ ಬಿಎಂಜೆ ಓಪನ್ ಪತ್ರಿಕೆಯಲ್ಲಿ ಬಂದ ಸಮೀಕ್ಷೆಯ ಪ್ರಕಾರ ಪ್ರಾಥಮಿಕ ಹಂತದ ಒಂದು ಭೇಟಿ ಬಾಂಗ್ಲಾದೇಶದಲ್ಲಿ 48 ಸೆಕೆಂಡಿನಲ್ಲಿ ಮುಗಿಯುತ್ತದೆ, ಸ್ವೀಡನ್ನಿನಲ್ಲಿ 22.5 ನಿಮಿಷ ನಡೆಯುತ್ತದೆ. ಜಗತ್ತಿನ ಅರ್ಧದಷ್ಟು ಜನ ಬದುಕುವ ದೇಶಗಳಲ್ಲಿ ಅದು ಐದು ನಿಮಿಷ ದಾಟುವುದಿಲ್ಲ. ನಮ್ಮದೂ ಆ ಗುಂಪಿನಲ್ಲೇ ಇದೆ. ಆದರೆ ಸಮಯ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ನಂಬುವವರು ಇನ್ನೊಂದು ಹಳೆಯ ಅಧ್ಯಯನವನ್ನೂ ನೋಡಬೇಕು. ಬೆಕ್‌ಮನ್ ಮತ್ತು ಫ್ರಾಂಕೆಲ್ 1984ರಲ್ಲಿ ಅಮೆರಿಕದಲ್ಲಿ 74 ಭೇಟಿಗಳ ಧ್ವನಿಮುದ್ರಿಕೆ ಕೇಳಿ ನೋಡಿದರು. ರೋಗಿ ಬಾಯಿ ತೆರೆದ ಸರಾಸರಿ 18ನೇ ಸೆಕೆಂಡಿಗೆ ವೈದ್ಯರು ನಡುವೆ ಬಾಯಿ ಹಾಕಿದ್ದರು. ಹೇಳಬೇಕಾದ್ದನ್ನು ಪೂರ್ತಿ ಹೇಳಿ ಮುಗಿಸಿದ್ದು 17 ಭೇಟಿಗಳಲ್ಲಿ ಮಾತ್ರ. ಹೊತ್ತಿದ್ದ ಕಡೆಯೂ ಮಾತಿಗೆ ಜಾಗವಿರಲಿಲ್ಲ.

ರೋಗಿಯೂ ಚಿಕಿತ್ಸೆಯ ಪಾಲುದಾರ ಎಂಬ ವಿಚಾರ ಪಶ್ಚಿಮದವರು ನಿನ್ನೆ ಮೊನ್ನೆ ಕಂಡುಹಿಡಿದದ್ದೇನಲ್ಲ. ಚರಕ ಸಂಹಿತೆ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ರೋಗಿಗೆ ಇರಬೇಕಾದ ಗುಣಗಳಲ್ಲಿ ನೆನಪಿನ ಶಕ್ತಿ, ಹೇಳಿದಂತೆ ನಡೆಯುವುದು, ಅಂಜದಿರುವುದು, ತನಗಾಗುತ್ತಿರುವುದನ್ನು ತಿಳಿಸಬಲ್ಲವನಾಗಿರುವುದು ಎಂಬ ನಾಲ್ಕನ್ನೂ ಪಟ್ಟಿಮಾಡುತ್ತದೆ. ನಮ್ಮ ವ್ಯವಸ್ಥೆ ಎರಡನೆಯದನ್ನು ಹಿಡಿದುಕೊಂಡು ಕಡೆಯ ಎರಡನ್ನು ಕೈಬಿಟ್ಟಿತು. ಅಮೆರಿಕದ ವೈದ್ಯ ಎಲಿಯಟ್ ಜಾಸ್ಲಿನ್ 1918ರಲ್ಲಿ, ಅಂದರೆ ಇನ್ಸುಲಿನ್ ಬರುವುದಕ್ಕೂ ಮುಂಚೆ, ವೈದ್ಯರೂ ರೋಗಿಗಳೂ ಇಬ್ಬರೂ ಬಳಸುವಂಥ ಒಂದು ಮಧುಮೇಹದ ಕೈಪಿಡಿ ಬರೆದ. ಔಷಧವೇ ಇಲ್ಲದ ಕಾಲದಲ್ಲಿ ಕಲಿಸುವುದೇ ಚಿಕಿತ್ಸೆಯಾಗಿತ್ತು. 1956ರಲ್ಲಿ ಸಾಸ್ ಮತ್ತು ಹೊಲೆಂಡರ್ ಎಂಬಿಬ್ಬರು ಮನೋವೈದ್ಯರು ವೈದ್ಯ-ರೋಗಿ ಸಂಬಂಧವನ್ನು ಮೂರು ಬಗೆಯಾಗಿ ವಿಂಗಡಿಸಿದರು: ಒಬ್ಬರು ಮಾಡುವುದು ಇನ್ನೊಬ್ಬರು ಮಾಡಿಸಿಕೊಳ್ಳುವುದು, ಒಬ್ಬರು ಹೇಳುವುದು ಇನ್ನೊಬ್ಬರು ಕೇಳುವುದು, ಇಬ್ಬರೂ ಕೂಡಿ ಮಾಡುವುದು. ಬಹುಕಾಲದ ರೋಗಗಳಿಗೆ ಮೂರನೆಯದೇ ಸರಿ ಎಂದರು. ಎಪ್ಪತ್ತು ವರ್ಷವಾಗುತ್ತ ಬಂತು, ನಮ್ಮ ಹೊರರೋಗಿ ವಿಭಾಗಗಳು ಇನ್ನೂ ಎರಡನೆಯದರಲ್ಲಿವೆ.

ಹಾಗಾದರೆ ರೋಗಿ ಮಾತಾಡಿದರೆ ಸಕ್ಕರೆ ಇಳಿಯುತ್ತದೆಯೇ? ಈ ಪ್ರಶ್ನೆಗೆ ಬಂದ ಅತ್ಯಂತ ನೇರ ಉತ್ತರ 1988ರದ್ದು. ಗ್ರೀನ್‌ಫೀಲ್ಡ್, ಕ್ಯಾಪ್ಲನ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಒಂದು ಸರಳ ಪ್ರಯೋಗ ಮಾಡಿದರು. ವೈದ್ಯರ ಕೋಣೆಗೆ ಹೋಗುವ ಮುಂಚೆ, ಹೊರಗೆ, ರೋಗಿಯನ್ನು 20 ನಿಮಿಷ ಕೂರಿಸಿಕೊಂಡು ಅವರದೇ ಕಡತ ತೆರೆದು ತೋರಿಸಿದರು. ನಿಮ್ಮ ಚಿಕಿತ್ಸೆಯಲ್ಲಿ ಯಾವ ಯಾವ ತೀರ್ಮಾನ ಆಗಬೇಕಿದೆ, ಅದಕ್ಕೆ ಏನು ಕೇಳಬೇಕು, ಕೇಳುವಾಗ ನಾಚಿಕೆಯಾದರೆ ಏನು ಮಾಡಬೇಕು ಎಂದು ತಯಾರು ಮಾಡಿದರು. ವೈದ್ಯರಿಗೆ ಯಾವ ತರಬೇತಿಯೂ ಇಲ್ಲ. ಹೀಗೆ ತಯಾರಾದ 33 ಜನರ ಸರಾಸರಿ ಸಕ್ಕರೆ ಪ್ರಮಾಣ, ಕೆಲವು ತಿಂಗಳ ಸರಾಸರಿ ತೋರಿಸುವ ರಕ್ತಪರೀಕ್ಷೆಯಲ್ಲಿ, 10.6ರಿಂದ 9.1ಕ್ಕೆ ಇಳಿಯಿತು. ತಯಾರಿ ಇಲ್ಲದ 26 ಜನರದ್ದು 10.3ರಿಂದ 10.6ಕ್ಕೆ ಹೋಯಿತು. ಒಂದೂವರೆ ಅಂಕ ಇಳಿಸುವುದು ಒಂದು ಒಳ್ಳೆಯ ಗುಳಿಗೆಗೂ ಸುಲಭವಲ್ಲ.

ಚಿಕ್ಕ ಪ್ರಯೋಗ, ನಿಜ. ಆಮೇಲೆ ಬಂದವು ಇಷ್ಟು ಉತ್ಸಾಹದ ಫಲ ಕೊಡಲಿಲ್ಲ. ಭೇಟಿಗೆ ಮುಂಚೆ ರೋಗಿಗಳನ್ನು ಪ್ರಶ್ನೆ ಕೇಳಲು ಸಜ್ಜುಗೊಳಿಸುವ 33 ಪ್ರಯೋಗಗಳನ್ನು, ಬೇರೆ ಬೇರೆ ರೋಗಗಳವು, 2007ರಲ್ಲಿ ಕಾಕ್ರೇನ್ ಸಂಸ್ಥೆ ಒಟ್ಟಿಗೆ ತೂಗಿ ನೋಡಿತು. ಜನ ಸ್ವಲ್ಪ ಹೆಚ್ಚು ಕೇಳುತ್ತಾರೆ, ಸ್ವಲ್ಪ ಹೆಚ್ಚು ಸಮಾಧಾನ ಪಡುತ್ತಾರೆ. ಪರಿಣಾಮ ದೊಡ್ಡದಲ್ಲ ಎಂದಿತು. ಮೇಯೋ ಕ್ಲಿನಿಕ್ಕಿನ ವಿಕ್ಟರ್ ಮೊಂಟೋರಿಯವರ ತಂಡ 2009ರಲ್ಲಿ ಕಾರ್ಡುಗಳನ್ನು ಮಾಡಿತು. ತೂಕ ಏರುತ್ತದೆಯೇ, ಸಕ್ಕರೆ ಒಮ್ಮೆಲೇ ಇಳಿಯುವ ಅಪಾಯವಿದೆಯೇ, ದಿನಕ್ಕೆ ಎಷ್ಟು ಸಲ ತೆಗೆದುಕೊಳ್ಳಬೇಕು ಎಂದು ಒಂದೊಂದು ಕಾರ್ಡಿನಲ್ಲಿ ಎಲ್ಲ ಔಷಧಗಳ ಹೋಲಿಕೆ. ಯಾವ ಕಾರ್ಡಿನಿಂದ ಮಾತು ಶುರುಮಾಡೋಣ ಎಂದು ಆರಿಸುವವರು ರೋಗಿ. ಮಾತು ಚೆನ್ನಾಗಿ ನಡೆಯಿತು, ತಿಳಿವಳಿಕೆ ಹೆಚ್ಚಿತು, ಸಕ್ಕರೆಯ ಅಂಕಿಯಲ್ಲಿ ಮಾತ್ರ ವ್ಯತ್ಯಾಸವಾಗಲಿಲ್ಲ.

ಇನ್ನೂ ಎಚ್ಚರ ಹುಟ್ಟಿಸುವುದು ಇಂಗ್ಲೆಂಡಿನ ಕಿನ್ಮಂತ್ ತಂಡದ 1998ರ ಪ್ರಯೋಗ. ವೈದ್ಯರಿಗೂ ನರ್ಸುಗಳಿಗೂ ರೋಗಿಯ ಮಾತು ಕೇಳುವ ತರಬೇತಿ ಕೊಟ್ಟರು. ವರ್ಷದ ನಂತರ ರೋಗಿಗಳು ಬಹಳ ಖುಷಿಯಾಗಿದ್ದರು, ಮಾತುಕತೆ ಚೆಂದವಿದೆ ಎಂದರು. ಅವರ ತೂಕ ಮಾತ್ರ ಉಳಿದವರಿಗಿಂತ ಹೆಚ್ಚಿತ್ತು, ರೋಗದ ಬಗೆಗಿನ ತಿಳಿವಳಿಕೆ ಕಡಿಮೆಯಿತ್ತು. ಮನಸ್ಸಿಗೆ ಹಿತವಾಗುವಂತೆ ಮಾತಾಡುತ್ತ ಹೋದವರು ರೋಗದ ಮಾತನ್ನೇ ಬದಿಗಿಟ್ಟರೆಂದು ಕಾಣುತ್ತದೆ. 'ರೋಗಿಯೇ ದೇವರು' ಎಂದು ಭಾಷಣ ಮಾಡುವವರು ಈ ಫಲಿತಾಂಶವನ್ನು ಹೇಳುವುದಿಲ್ಲ.

ಇವೆಲ್ಲವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನನಗನ್ನಿಸುವುದಿಷ್ಟು: ಸುಮ್ಮನೆ ಹೆಚ್ಚು ಮಾತಾಡಿಸುವುದರಿಂದ ಪ್ರಯೋಜನವಿಲ್ಲ. ತನ್ನದೇ ಅಂಕಿ, ತನ್ನದೇ ಗುಳಿಗೆ, ತನ್ನದೇ ದಿನಚರಿ ಮುಂದಿಟ್ಟುಕೊಂಡು ರೋಗಿ ಒಂದೆರಡು ಗಟ್ಟಿ ಪ್ರಶ್ನೆ ಕೇಳುವಂತಾದರೆ ಪ್ರಯೋಜನವಿದೆ. ಆ ತಯಾರಿಗೆ ವೈದ್ಯರ ಎರಡು ನಿಮಿಷ ಬೇಕಿಲ್ಲ. ಹೊರಗಿನ ಎರಡು ತಾಸಿನ ಪಾಳಿ ಇದೆಯಲ್ಲ, ಅದು ಬೇಕು. ನಮ್ಮ ದವಾಖಾನೆಗಳಲ್ಲಿ ವೈದ್ಯರ ಸಮಯದ ಕೊರತೆ ಇದೆ ಎಂದು ಎಲ್ಲರೂ ಹೇಳುತ್ತಾರೆ, ರೋಗಿಗಳ ಸಮಯ ಬಾಕಿನ ಮೇಲೆ ರಾಶಿ ಬಿದ್ದಿದೆ ಎಂದು ಯಾರೂ ಹೇಳುವುದಿಲ್ಲ.

ಅಲ್ಲಿ ಆಗಬಹುದಾದ ಕೆಲಸ ಏನೆಂದು ತಿಳಿಯಲು ಪಾಳಿಯಲ್ಲಿ ಕೂತವರ ಕೈಚೀಲ ಬಿಚ್ಚಿಸಿ ನೋಡಿದರೆ ಸಾಕು. ಬಟ್ಟೆಯಂಗಡಿಯ ಹಳೇ ಕ್ಯಾರಿಬ್ಯಾಗು. ಒಳಗೆ ನಾಲ್ಕು ಮಡಿಕೆಯಾಗಿ ಹರಿದ ಕೇಸ್ ಪೇಪರ್, ಮೂರು ಬೇರೆ ಬೇರೆ ದವಾಖಾನೆಗಳ ಚೀಟಿ, ಅರ್ಧ ಖಾಲಿಯಾದ ಗುಳಿಗೆ ಪಟ್ಟಿಗಳು. ಯಾವ ಗುಳಿಗೆಯ ಹೆಸರೂ ಗೊತ್ತಿಲ್ಲ, ಬಣ್ಣ ಗೊತ್ತು. ಬಿಳೇ ದೊಡ್ಡದು ಉಂಡ ಮೇಲೆ, ಸಣ್ಣ ಹಸಿರದು ಉಣ್ಣುವ ಮೊದಲು. ಸರ್ಕಾರಿ ಸರಬರಾಜಿನ ಕಂಪನಿ ಬದಲಾಗುತ್ತದೆ, ಹಸಿರದು ಗುಲಾಬಿ ಆಗುತ್ತದೆ. ಹೊಸದು ಕೊಟ್ಟಿದ್ದಾರೆಂದು ಗುಲಾಬಿ ನುಂಗುತ್ತಾರೆ, ಮನೆಯಲ್ಲಿ ಉಳಿದಿತ್ತೆಂದು ಹಸಿರನ್ನೂ ನುಂಗುತ್ತಾರೆ. ಎರಡೂ ಸಕ್ಕರೆ ಇಳಿಸುವ ಒಂದೇ ಗುಳಿಗೆ, ಗ್ಲಿಮೆಪಿರೈಡ್. ಹೊಲದಲ್ಲಿ ಹನ್ನೊಂದು ಗಂಟೆಗೆ ಮೈ ಬೆವತು ಕೈ ನಡುಗಿ ಕಣ್ಣಿಗೆ ಕತ್ತಲೆ ಕಟ್ಟಿದರೆ ಬಿಸಿಲಿನ ಝಳ ಎಂದುಕೊಳ್ಳುತ್ತಾರೆ. ಮುಂದಿನ ತಿಂಗಳು ವೈದ್ಯರು "ಹೆಂಗದೀರಿ" ಎಂದರೆ ಉತ್ತರ ಗೊತ್ತೇ ಇದೆ.

ಶ್ರಾವಣ ಸೋಮವಾರದ ಉಪವಾಸ, ಏಕಾದಶಿ, ರಂಜಾನ್ ರೋಜಾ ಇವೂ ಕೋಣೆಯೊಳಗೆ ಬರುವುದಿಲ್ಲ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಒಪ್ಪತ್ತಿನಿಂದ ಸಕ್ಕರೆ ಕುಸಿಯುವ ಭಯ ಕಡಿಮೆ. ಗ್ಲಿಮೆಪಿರೈಡೋ ಇನ್ಸುಲಿನ್ನೋ ಇದ್ದವರಿಗೆ ಅದೇ ಒಪ್ಪತ್ತು ಅಪಾಯ. ರೋಜಾ ಹಿಡಿಯುವವರು ರಂಜಾನಿಗೆ ಮುಂಚೆಯೇ ಒಮ್ಮೆ ವೈದ್ಯರೊಂದಿಗೆ ಕೂತು ಔಷಧದ ಹೊತ್ತು ಬದಲಿಸಿಕೊಳ್ಳಬೇಕೆಂದು ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ ಮಾರ್ಗಸೂಚಿ ಇದೆ. ಶ್ರಾವಣಕ್ಕೂ ಅಷ್ಟೇ ಎಚ್ಚರ ಬೇಕು. "ಉಪಾಸ ಮಾಡಬ್ಯಾಡ್ರಿ" ಎಂದು ಗದರಿಸಿದ ಮೇಲೆ ಉಪವಾಸ ನಿಲ್ಲುವುದಿಲ್ಲ, ಹೇಳುವುದು ನಿಲ್ಲುತ್ತದೆ. ಹಾಗಲಕಾಯಿ ರಸ, ಮೆಂತ್ಯೆ, ಯಾರೋ ಕೊಟ್ಟ ಪುಡಿ ಇವುಗಳದ್ದೂ ಅದೇ ಕಥೆ. ಪರೀಕ್ಷೆಗೆ ಎರಡು ದಿನ ಮುಂಚೆ ಪುಸ್ತಕ ಹಿಡಿಯುವ ಹುಡುಗರ ಹಾಗೆ ರಕ್ತ ಕೊಡುವ ಎರಡು ದಿನ ಮುಂಚೆ ಅನ್ನ ಬಿಟ್ಟು ಅಂಕಿ ಇಳಿಸಿಕೊಂಡು ಬರುವವರಿದ್ದಾರೆ. 'ಮೂರು ತಿಂಗಳ ಸಕ್ಕರಿ' ಎಂದು ಜನ ಕರೆಯುವ ಎಚ್‌ಬಿಎ1ಸಿ ಪರೀಕ್ಷೆ ಅವರ ಗುಟ್ಟು ಬಯಲು ಮಾಡುತ್ತದೆ. ಆದರೆ ಗುಟ್ಟು ಯಾಕೆ ಬೇಕಾಯಿತು ಎಂದು ಅದು ಹೇಳುವುದಿಲ್ಲ. ಬೈಸಿಕೊಳ್ಳುವ ಭಯ, ಅಷ್ಟೇ.

ಕೆಲವು ಮಾತು ಬೈಗುಳದ ಭಯವಿಲ್ಲದಿದ್ದರೂ ಹೊರಡುವುದಿಲ್ಲ. ಮಧುಮೇಹ ಇರುವ ಗಂಡಸರಲ್ಲಿ ಲೈಂಗಿಕ ದೌರ್ಬಲ್ಯ ಬಹಳ ಸಾಮಾನ್ಯ. ಹೆಂಗಸರಲ್ಲಿ ಮೂತ್ರದ ಉರಿ, ಗುಪ್ತಾಂಗದ ತುರಿಕೆ ಸಾಮಾನ್ಯ. ಮೇಜಿನ ಬದಿಗೆ ಮುಂದಿನ ಮೂರು ಜನ ನಿಂತಿರುವಾಗ, ಜೊತೆಗೆ ಮಗನೋ ಸೊಸೆಯೋ ಇರುವಾಗ ಅದನ್ನು ಹೇಳುವುದು ಹೇಗೆ? ಜೊತೆಗೆ ಬರುವವರ ಪಾತ್ರವೇ ಒಂದು ವಿಷಯ. ಅಕ್ಷರ ಬಲ್ಲ ಮಗ ಬಂದರೆ ಚೀಟಿ ಓದಲು ಅನುಕೂಲ. ಆದರೆ ವೈದ್ಯರ ಕಣ್ಣು ಮಗನ ಕಡೆ ತಿರುಗುತ್ತದೆ, ಅವ್ವ ತನ್ನ ಭೇಟಿಗೆ ತಾನೇ ಪ್ರೇಕ್ಷಕಳಾಗುತ್ತಾಳೆ. ಬೆಂಗಳೂರಿನಲ್ಲಿರುವ ಮಗನಿಗೆ ವಾಟ್ಸ್ಯಾಪಿನಲ್ಲಿ ರಿಪೋರ್ಟ್ ಹೋಗಿ ಅಲ್ಲಿಂದಲೇ ತೀರ್ಮಾನ ಬರುವ ಮನೆಗಳೂ ಇವೆ. ಅಡಿಗೆ ಮಾಡುವ ಸೊಸೆಯನ್ನು ಯಾರೂ ಒಳಗೆ ಕರೆಯುವುದಿಲ್ಲ. ಅನ್ನ ಎಷ್ಟು ಬೇಯುತ್ತದೆ ಎಂಬ ಲೆಕ್ಕ ಇರುವುದು ಅವಳ ಹತ್ತಿರ.

ಕರ್ನಾಟಕದಲ್ಲೇ ನಡೆದ ಅಧ್ಯಯನ ಬೇಕೆನ್ನುವವರಿಗೆ ಬೆಂಗಳೂರಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯ ಉಪೇಂದ್ರ ಭೋಜಾನಿ ಮತ್ತು ಸಂಗಡಿಗರು ಕೆ.ಜಿ. ಹಳ್ಳಿಯ ಬಡ ಬಡಾವಣೆಗಳಲ್ಲಿ ಮಾಡಿದ ಕೆಲಸವಿದೆ. 16 ಜನ ಮಧುಮೇಹಿಗಳನ್ನು ಕೂರಿಸಿಕೊಂಡು ಸಾವಕಾಶವಾಗಿ ಮಾತಾಡಿಸಿದ ಅವರ ಲೇಖನ 2013ರಲ್ಲಿ ಬಂತು. ಹಣದ ಅಡಚಣೆ ಇದ್ದದ್ದೇ. ಅದರ ಜೊತೆಗೆ ಚಿಕಿತ್ಸೆ ಕೊಡುವವರ ತಾತ್ಸಾರ, ಸರಿಯಾಗಿ ತಿಳಿಸಿ ಹೇಳದಿರುವುದು, ಒಂದಕ್ಕೊಂದು ಸಂಬಂಧವಿಲ್ಲದ ಹತ್ತು ದವಾಖಾನೆಗಳ ಅಲೆದಾಟ, ಹೆಂಗಸರಿಗೆ ಮನೆಯಲ್ಲೂ ಆಸರೆ ಸಿಗದಿರುವುದು ಎಲ್ಲವೂ ಅಲ್ಲಿ ದಾಖಲಾಗಿದೆ. ದೊಡ್ಡ ಆಸ್ಪತ್ರೆಗಳು ಕೂಗಳತೆಯಲ್ಲಿರುವ ಬೆಂಗಳೂರಿನಲ್ಲೇ ಹೀಗೆ ಎಂದ ಮೇಲೆ ದೂರದ ಮಾತು ಮುಖ್ಯವಲ್ಲವೆಂದಾಯಿತು.

ಭಾಷೆಯ ಪ್ರಶ್ನೆಯೂ ಎದ್ದಿದೆ. ಔಷಧ ಚೀಟಿಗಳನ್ನು ಕನ್ನಡದಲ್ಲಿ ಬರೆಯಬೇಕೆಂದು ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆ 2024ರಲ್ಲಿ ಒತ್ತಾಯಿಸಿದರು. ಒಳ್ಳೆಯದೇ. ಆದರೆ 'ಗ್ಲಿಮೆಪಿರೈಡ್' ಎಂದು ಕನ್ನಡದಲ್ಲಿ ಬರೆದ ಮಾತ್ರಕ್ಕೆ ಅದು ಊಟಕ್ಕೆ ಮುಂಚಿನದು, ಊಟ ತಪ್ಪಿದರೆ ಅದೂ ತಪ್ಪಬೇಕು ಎಂದು ತಿಳಿಯುವುದಿಲ್ಲ. ಅದನ್ನು ತಿಳಿಸುವ ಉಪಾಯ ಬಹಳ ಅಗ್ಗದ್ದು. ಷಿಲಿಂಜರ್ ತಂಡ 2003ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಓದುಬರಹ ಕಡಿಮೆಯಿದ್ದ 74 ಮಧುಮೇಹಿಗಳ ಭೇಟಿಗಳನ್ನು ಧ್ವನಿಮುದ್ರಿಸಿ ನೋಡಿದಾಗ, ಹೊಸದಾಗಿ ಹೇಳಿದ ವಿಷಯ ರೋಗಿಗೆ ಅರ್ಥವಾಯಿತೇ ಎಂದು ವೈದ್ಯರು ಪರೀಕ್ಷಿಸಿದ್ದು ಐದರಲ್ಲಿ ಒಂದು ಭೇಟಿಯಲ್ಲಿ ಮಾತ್ರ. ಹಾಗೆ ಪರೀಕ್ಷಿಸಿದವರ ರೋಗಿಗಳಲ್ಲಿ ಸಕ್ಕರೆ ಹತೋಟಿ ಚೆನ್ನಾಗಿತ್ತು, ಭೇಟಿಯೂ ಉದ್ದವಾಗಿರಲಿಲ್ಲ. ನಮ್ಮ ಕಡೆ "ತಿಳೀತೇನ್ರಿ?" ಎಂದರೆ "ಹ್ಞೂಂ ರೀ" ಎಂಬ ಉತ್ತರ ತಯಾರಿರುತ್ತದೆ. "ಮನಿಗೆ ಹೋಗಿ ಈ ಗುಳಿಗಿ ಹೆಂಗ ತಗೋತೀರಿ, ನನಗೊಮ್ಮಿ ಹೇಳ್ರಿ ನೋಡೂಣು" ಎಂದರೆ ಅರ್ಧ ನಿಮಿಷದಲ್ಲಿ ಎಲ್ಲಿ ತಪ್ಪಿದೆ ಎಂದು ಗೊತ್ತಾಗುತ್ತದೆ. ಇದನ್ನು ವೈದ್ಯರೇ ಕೇಳಬೇಕೆಂದಿಲ್ಲ. ಔಷಧ ಕೊಡುವ ಕಿಟಕಿಯಲ್ಲಿ ಕೂತವರೂ ಕೇಳಬಹುದು.

ಕಾಲಿನ ವಿಷಯ ಇದಕ್ಕಿಂತ ಸರಳ. ನರ ಸತ್ತ ಪಾದಕ್ಕೆ ಹತ್ತಿ ಕಟಗಿ ಚುಚ್ಚಿದ್ದು ಗೊತ್ತಾಗುವುದಿಲ್ಲ, ಎರೆಯ ಬಿರುಕಿನಲ್ಲಿ ಉಗುರು ಕಿತ್ತದ್ದೂ ಗೊತ್ತಾಗುವುದಿಲ್ಲ. ಗದ್ದಲದ ಹೊರರೋಗಿ ವಿಭಾಗದಲ್ಲಿ ಪಾದ ನೋಡುವುದು ಅಪರೂಪ. ಕೇಳುವ ತನಕ ಕಾಯದೆ ಚಪ್ಪಲಿ ಬಿಟ್ಟು ಕಾಲು ಮುಂದೆ ಮಾಡಿದರೆ ವೈದ್ಯರು ನೋಡದೆ ಇರುವುದಿಲ್ಲ. ದೊಡ್ಡವರ ಮುಂದೆ ಕಾಲು ಚಾಚಬಾರದು ಎಂಬ ಸಂಕೋಚವನ್ನು ಯಾರಾದರೂ ಮೊದಲೇ ಬಿಡಿಸಿರಬೇಕು.

ಆ 'ಯಾರಾದರೂ' ಯಾರು ಎಂಬಲ್ಲಿಗೆ ಎಲ್ಲ ಬಂದು ನಿಲ್ಲುತ್ತದೆ. ಮಧುಮೇಹದಂಥ ಸಾಂಕ್ರಾಮಿಕವಲ್ಲದ ರೋಗಗಳ (ಎನ್‌ಸಿಡಿ) ರಾಷ್ಟ್ರೀಯ ಕಾರ್ಯಕ್ರಮ 2010ರಲ್ಲಿ ಶುರುವಾದಾಗಿನಿಂದ ಸಮುದಾಯ ಆರೋಗ್ಯ ಕೇಂದ್ರಗಳ ಎನ್‌ಸಿಡಿ ಕ್ಲಿನಿಕ್ಕುಗಳಿಗೆ ಆಪ್ತಸಮಾಲೋಚಕರ ಹುದ್ದೆ ಇದೆ; ಅದು ಹಳ್ಳಿಯ ಮಟ್ಟಕ್ಕೆ ಇಳಿದಿಲ್ಲ. ದೂರವೈದ್ಯ ಸೇವೆ ಇ-ಸಂಜೀವಿನಿ ಬಂದ ಮೇಲೆ ಸಮುದಾಯ ಆರೋಗ್ಯ ಅಧಿಕಾರಿ ರೋಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ದೂರದ ವೈದ್ಯರೊಂದಿಗೆ ಮಾತಾಡುತ್ತಾರೆ. ಅಲ್ಲಿ ರೋಗಿಯ ಕಥೆಯನ್ನು ಇನ್ನೊಬ್ಬರು ಹೇಳುವಂತಾದರೂ, ಕರೆ ಮುಗಿದ ಮೇಲೆ ಪಕ್ಕದಲ್ಲೇ ಒಬ್ಬರು ಉಳಿದಿರುತ್ತಾರೆಂಬುದು ಲಾಭ. ರಾಜ್ಯ ಸರ್ಕಾರ 2024ರಲ್ಲಿ ಕೋಲಾರದಿಂದ ಆರಂಭಿಸಿದ ಗೃಹ ಆರೋಗ್ಯ ಯೋಜನೆಯಲ್ಲಿ ತಪಾಸಣೆ, ಔಷಧ ಎರಡೂ ಮನೆ ಬಾಗಿಲಿಗೆ ಬರುತ್ತವೆ. ಮನೆಗೆ ಬಂದವರಿಗೆ ಕ್ಯಾರಿಬ್ಯಾಗನ್ನೂ ಸೊಸೆಯನ್ನೂ ಒಟ್ಟಿಗೆ ಕಾಣುವ ಅವಕಾಶವಿದೆ. ಬಳಸಿಕೊಂಡರೆ ಇದು ದವಾಖಾನೆಯ ಕೋಣೆಗಿಂತ ಒಳ್ಳೆಯ ಜಾಗ.

ಆದರೆ ಮನೆಗೆ ಬರುವವರ ಕೈಯಲ್ಲಿರುವುದು ಫಾರ್ಮು. ಮೂವತ್ತು ದಾಟಿದವರಿಗೆ ಆಶಾ ತುಂಬಿಸುವ ಅಪಾಯ ಅಂದಾಜಿನ ಹಾಳೆಯಲ್ಲಿ ವಯಸ್ಸು, ತಂಬಾಕು, ಸೆರೆ, ಸೊಂಟದ ಸುತ್ತಳತೆ, ವ್ಯಾಯಾಮ, ಮನೆತನದ ಕಾಯಿಲೆ ಎಲ್ಲಕ್ಕೂ ಅಂಕ ಇದೆ. ಒಟ್ಟು ನಾಲ್ಕು ದಾಟಿದರೆ ತಪಾಸಣೆಗೆ ಮೊದಲು ಕಳಿಸಬೇಕು. ಆ ವ್ಯಕ್ತಿ ಏನು ಕೇಳಿದರು ಎಂದು ಬರೆಯಲು ಮನೆ ಇಲ್ಲ. ಕೇಂದ್ರದ ಮಾರ್ಗಸೂಚಿ ಈ ಹಾಳೆ ಒಂದಕ್ಕೆ 10 ರೂಪಾಯಿ, ಚಿಕಿತ್ಸೆಯಲ್ಲಿರುವ ಒಬ್ಬರನ್ನು ಆರು ತಿಂಗಳು ಹಿಂದೆ ಬಿದ್ದು ನೋಡಿಕೊಂಡರೆ 50 ರೂಪಾಯಿ ಪ್ರೋತ್ಸಾಹಧನ ನಿಗದಿ ಮಾಡಿತ್ತು. ಕೂರಿಸಿಕೊಂಡು ಇಪ್ಪತ್ತು ನಿಮಿಷ ಮಾತಾಡುವುದಕ್ಕೆ ಈ ಪಟ್ಟಿಯಲ್ಲಿ ದರವಿಲ್ಲ. ಇಡುವುದಾದರೆ ಎಲ್ಲರಿಗೂ ಪ್ರತಿ ತಿಂಗಳೂ ಇಡಬೇಕಿಲ್ಲ. ಹೊಸದಾಗಿ ಸೂಜಿ ಶುರುವಾದವರು, ಗುಳಿಗೆಯ ಬಣ್ಣ ಬದಲಾದವರು, ಕಾಲು ಜೋಮು ಹಿಡಿಯುತ್ತಿದೆ ಎನ್ನುವವರು, ಉಪವಾಸ ಬಿಡದವರು ಇಷ್ಟು ಜನರಿಂದ ಶುರುಮಾಡಬಹುದು. ಸುಳ್ಳದಂಥ ಒಂದು ಊರಿನಲ್ಲಿ ಅಂಥವರ ಹೆಸರನ್ನು ಆಶಾ ಕಾರ್ಯಕರ್ತೆಯರು ಪುಸ್ತಕ ತೆರೆಯದೆಯೇ ಹೇಳುತ್ತಾರೆ.